ಕೈಗುಣದಕ್ಕನ ಡ್ರೆಸಿಂಗ್ ಕೋಣೆ

ನಾನು ಬಟ್ಟೆ ಹೊಲಿಯುವವಳು. ಮೂವತ್ತು ವರ್ಷ ಬೇರೆಯವರ ಮೈ ಅಳತೆ ತೆಗೆದು ತೆಗೆದು, ಮನುಷ್ಯರ ಮುಖಕ್ಕಿಂತ ಮೊದಲು ಕೈ ನೋಡುವ ಚಾಳಿ ಅಂಟಿಕೊಂಡಿದೆ. ಉಗುರು ಕಚ್ಚುವವರೋ, ಬಟ್ಟೆಯನ್ನು ಬೆರಳ ತುದಿಯಿಂದ ಮುಟ್ಟುತ್ತಾರೋ ಇಡೀ ಅಂಗೈಯಿಂದಲೋ, ಇಷ್ಟು ಗಮನಿಸಿದರೆ ಆ ಗಿರಾಕಿ ಮುಂದೆ ಎಷ್ಟು ಸಲ ತಕರಾರು ತೆಗೆದುಕೊಂಡು ಬರುತ್ತಾರೆ ಎಂದು ಹೇಳಿಬಿಡುತ್ತೇನೆ. ನಾನು ಕಂಡ ಕೈಗಳಲ್ಲೆಲ್ಲ ಒಳ್ಳೆಯ ಕೈ ಯಾರದೆಂದು ಕೇಳಿದರೆ, ಸುಟ್ಟಗಾಯದ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ಪಟ್ಟಿ ಬಿಚ್ಚಿ ಪಟ್ಟಿ ಕಟ್ಟಿದ ಒಬ್ಬ ಹೆಂಗಸಿನದು ಅನ್ನುತ್ತೇನೆ. ವಾರ್ಡಿನವರೆಲ್ಲ ಅವರನ್ನು ಕೈಗುಣದಕ್ಕ ಎಂದು ಕರೆಯುತ್ತಿದ್ದರು. ಆ ಕೈಗೆ ನಾನು ಒಂದು ಅನ್ಯಾಯ ಮಾಡಿದ್ದೇನೆ. ಅದನ್ನು ಮುಚ್ಚಿಟ್ಟುಕೊಂಡು ಅವರ ಗುಣಗಾನ ಮಾಡಲು ನನಗೆ ಬಾಯಿ ಬರುವುದಿಲ್ಲ.

ಮೊದಲು ನನ್ನ ಕೈಯ ವಿಷಯ. ನಾನು ಮತ್ತು ನನ್ನ ನಾದಿನಿ ಸೇರಿ ನಡೆಸುವ ಹೊಲಿಗೆ ಅಂಗಡಿಯಲ್ಲಿ ಹಬೆಯ ಇಸ್ತ್ರಿಗೆಂದು ನೀರು ಕಾಯಿಸುವ ಸಣ್ಣ ಟ್ಯಾಂಕು ಇತ್ತು. ಅದರ ಕೊಳವೆ ಸಡಿಲವಾಗಿದೆ ಎಂದು ನಾದಿನಿ ಮೂರು ಸಲ ಹೇಳಿದ್ದಳು. ಮೂರು ಸಲವೂ ನಾನು ನಾಳೆ ನೋಡೋಣ ಎಂದಿದ್ದೆ. ನಾಲ್ಕನೇ ಸಲ ಹೇಳುವ ಅವಕಾಶವನ್ನು ಕೊಳವೆ ಅವಳಿಗೆ ಕೊಡಲಿಲ್ಲ. ಬಲಗೈಯ ಹಿಂಬದಿ, ಮಣಿಕಟ್ಟಿನಿಂದ ಬೆರಳಿನ ಗೆಣ್ಣುಗಳವರೆಗೆ ಬೆಂದುಹೋಯಿತು.

"ಅತ್ತಿಗೆ, ಬಾಯಿ ಸುಟ್ಟಿದ್ರೆ ಗಿರಾಕಿಗಳಾದ್ರೂ ಸುಖವಾಗಿರ್ತಿದ್ರು. ಕೈಯೇ ಸುಡಬೇಕಿತ್ತಾ?" ಎಂದು ಆಸ್ಪತ್ರೆಯ ದಾರಿಯಲ್ಲಿ ನಾದಿನಿ ಅಂದಳು. ಅನ್ನುತ್ತಲೇ ಅಳುತ್ತಿದ್ದಳು.

ಡಾಕ್ಟರು ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಕೈಯ ಮೇಲೆ ಕೂರಿಸಿದರು. ಅದು ಹಿಡಿದುಕೊಂಡರೆ ಬೆರಳು ಬಗ್ಗುತ್ತದೆ, ಕತ್ತರಿ ಹಿಡಿಯಬಹುದು, ಹಿಡಿಯದಿದ್ದರೆ ಮತ್ತೆ ಮೊದಲಿನಿಂದ ಎಂದರು. ಅಂಥ ಚರ್ಮವನ್ನು ಕಾಪಾಡುವುದೂ ಕೆಡಿಸುವುದೂ ಆಮೇಲೆ ಪಟ್ಟಿ ಬಿಚ್ಚುವವರ ಕೈಯಲ್ಲಿರುತ್ತದೆ. ಒಣಗಿ ಅಂಟಿದ ಗಾಜ್ ಬಟ್ಟೆಯನ್ನು ನೆನೆಸಿ, ಕೂದಲೆಳೆಯಷ್ಟೇ ಎತ್ತಿ, ಮತ್ತೆ ನೆನೆಸಿ, ಮತ್ತೆ ಎತ್ತಬೇಕು. ಹೊಲಿಗೆ ಬಿಚ್ಚುವ ಕೆಲಸವೂ ಹೀಗೇ ಇರುತ್ತದೆ, ಆದರೆ ಬಟ್ಟೆ ಕೂಗಿಕೊಳ್ಳುವುದಿಲ್ಲ.

ಡ್ರೆಸಿಂಗ್ ಕೋಣೆ ವಾರ್ಡಿನ ಕೊನೆಯಲ್ಲಿತ್ತು. ಅರ್ಧ ಗೋಡೆಯವರೆಗೆ ಬಿಳಿ ಟೈಲು, ಮಸುಕು ಗಾಜಿನ ಒಂದು ಕಿಟಕಿ, ಎತ್ತರದ ಮಂಚ, ಸ್ಟೀಲಿನ ಟ್ರಾಲಿ, ಮೊಣಕೈಯಿಂದ ತಿರುಗಿಸುವ ನಲ್ಲಿ. ಅಕ್ಕ ಬೆಳಿಗ್ಗೆ ಬಂದವರೇ ಸಲೈನ್ ಬಾಟಲಿಗಳನ್ನು ಬೆಚ್ಚನೆಯ ನೀರಿನ ಟಬ್ಬಿನಲ್ಲಿ ಇಡುತ್ತಿದ್ದರು, ತಣ್ಣಗಿನ ನೀರು ಬಿದ್ದು ಯಾರೂ ಬೆಚ್ಚಿಬೀಳಬಾರದೆಂದು. ಆಮೇಲೆ ತಮ್ಮ ಎರಡೂ ಕೈಯನ್ನು ಅದೇ ನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಿಕೊಂಡು, ಒರೆಸಿ, ಗ್ಲೌಸು ಹಾಕಿಕೊಳ್ಳುತ್ತಿದ್ದರು. ಉದ್ದನೆಯ ಆಳು. ಮಾತು ಕಡಿಮೆ. ಮೊದಲ ದಿನ ನನಗೆ ಹೇಳಿದ್ದು ಇಷ್ಟೇ.

"ನೋವಾದ್ರೆ ಕೂಗ್ಬೇಕು. ಇಲ್ಲಿ ಯಾರೂ ಏನೂ ಅಂದ್ಕೊಳಲ್ಲ."

"ಕೂಗೋದಕ್ಕೆ ನನಗೆ ಹೇಳಿಕೊಡ್ಬೇಕಾಗಿಲ್ಲ, ಅಕ್ಕ," ಅಂದೆ. ಅವತ್ತು ನಾನು ಕೂಗಿದ್ದು ಹೊರಗಿನ ಗೇಟಿನ ಕಾವಲುಗಾರನಿಗೂ ಕೇಳಿಸಿತಂತೆ.

ಕೂಗು ಅವರ ಕಸುಬಿನ ಒಂದು ಭಾಗ ಎಂದು ನನಗೆ ಗೊತ್ತಾದದ್ದು ಒಂದು ವಾರದ ಮೇಲೆ. ಅವರಿಗೆ ಕೂಗಿನ ಲೆಕ್ಕವೇ ಇತ್ತು. "ಅಯ್ಯೋ ಅಂದ್ರೆ ಭಯ, ಅದಕ್ಕೆ ನಾನು ನಿಲ್ಲಿಸಲ್ಲ. ಅಮ್ಮಾ ಅಂದ್ರೆ ನೋವು, ಕೈ ನಿಧಾನ ಮಾಡ್ತೀನಿ. ಸ್ ಅಂತ ಉಸಿರು ಒಳಗೆ ಎಳ್ಕೊಂಡ್ರೆ ಅಲ್ಲಿ ಅಂಟಿದೆ ಅಂತ, ಪೂರ್ತಿ ನಿಲ್ಲಿಸಿಬಿಡ್ತೀನಿ. ಬೈದ್ರೆ ಒಳ್ಳೇದು, ಬೈಯೋ ಶಕ್ತಿ ಬಂದಿದೆ ಅಂತ ಮುಂದುವರಿತೀನಿ." ನಾನು ಬಹಳ ಬೈದಿದ್ದೆ. ಅವರಿಗೆ ಅದರಿಂದ ಸಂತೋಷವಾಗುತ್ತಿತ್ತೆಂದು ತಿಳಿದ ಮೇಲೆ ಬೈಯುವ ಹುರುಪೇ ಇಳಿದುಹೋಯಿತು.

ಇದನ್ನು ಅವರಿಗೆ ಕಲಿಸಿದವರು ಒಬ್ಬ ಮುದುಕ. ಅಕ್ಕ ಇಪ್ಪತ್ತು ವರ್ಷದ ಹುಡುಗಿಯಾಗಿದ್ದಾಗ ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದ್ದರು. ಡ್ರೆಸಿಂಗ್ ಮಾಡುತ್ತಿದ್ದ ಮುದುಕನಿಗೆ ಕೈ ನಡುಗಲು ಶುರುವಾಗಿತ್ತು. ಒಗೆದ ಬಟ್ಟೆ ತೆಗೆದುಕೊಂಡು ಹೋಗಲು ಬಂದ ಅವರು ಈ ಹುಡುಗಿ ಗಾಜ್ ಬಟ್ಟೆ ಮಡಚುವುದನ್ನು ನಿಂತು ನೋಡಿ, ಮೇಲಿನವರ ಹತ್ತಿರ ಮಾತಾಡಿ, ತಮ್ಮ ಕೋಣೆಗೆ ಕರೆಸಿಕೊಂಡರು. ಎರಡು ವರ್ಷ ಅವರ ಪಕ್ಕದಲ್ಲಿ ನಿಂತು ಬರೀ ಕೇಳಿಸಿಕೊಳ್ಳುವುದೇ ಅಕ್ಕನ ಕೆಲಸವಾಗಿತ್ತಂತೆ. ಗಾಯ ನೋಡುವುದನ್ನು ಮೂರನೇ ವರ್ಷ ಕಲಿಸಿದರಂತೆ.

ಅಕ್ಕ ಮದುವೆಯಾಗಲಿಲ್ಲ. ಯಾಕೆಂದು ನಾನು ಕೇಳಿಯೇಬಿಟ್ಟೆ, ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. "ಬಿಡುವಿರ್ಲಿಲ್ಲ," ಎಂದರು. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಅವರು ಮತ್ತು ಅವರ ತಾಯಿ. ಸೊಂಟ ಮುರಿದುಕೊಂಡು ತಾಯಿ ಹಾಸಿಗೆ ಹಿಡಿದು ವರ್ಷವಾಗಿತ್ತು, ಮಲಗಿ ಮಲಗಿ ಬೆನ್ನಿನಲ್ಲಿ ಹುಣ್ಣಾಗಿತ್ತು. ಹಗಲೆಲ್ಲ ಊರವರ ಪಟ್ಟಿ, ಸಂಜೆ ಮನೆಗೆ ಹೋಗಿ ಅಮ್ಮನ ಪಟ್ಟಿ. ಬೇಸರ ಬರಲ್ವಾ ಎಂದರೆ, "ಅಮ್ಮ ಚೆನ್ನಾಗಿ ಬೈತಾರೆ," ಎಂದು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಇಂಥ ಕೋಣೆಗೆ ಡಬ್ಬಿ ಬಂತು.

ತಂದವರು ಒಬ್ಬ ಕಿರಿಯ ಡಾಕ್ಟರು. ಮುಖಕ್ಕೆ ಕಟ್ಟುವ ಕಪ್ಪನೆಯ ಸಾಧನ, ಕಣ್ಣು ಪೂರ್ತಿ ಮುಚ್ಚುತ್ತದೆ, ಕಿವಿಗೂ ಸಣ್ಣ ಮುಚ್ಚಳ. ಹಾಕಿಕೊಂಡರೆ ಆಸ್ಪತ್ರೆಯೇ ಮಾಯ. ದೊಡ್ಡ ಬಲೂನಿಗೆ ಕಟ್ಟಿದ ಬುಟ್ಟಿಯಲ್ಲಿ ನೀವು ಹೊಳೆಯ ಮೇಲೆ ತೇಲುತ್ತಿರುತ್ತೀರಿ. ಎಡಕ್ಕೆ ತಿರುಗಿದರೆ ಎಡಗಡೆಯ ಗುಡ್ಡ, ಬಗ್ಗಿದರೆ ಕೆಳಗಿನ ನೀರು. ಬಿಳಿ ಹಕ್ಕಿಗಳು ಹಾರಿ ಬರುತ್ತವೆ, ಒಂದೊಂದನ್ನು ದಿಟ್ಟಿಸಿದರೆ ಅದು ಬಣ್ಣಕ್ಕೆ ತಿರುಗುತ್ತದೆ. ವರ್ಚುವಲ್ ರಿಯಾಲಿಟಿ ಎಂದು ಡಾಕ್ಟರು ಹೇಳಿದರು. ನಾವು ಡಬ್ಬಿ ಎಂದೆವು, ಅವರಿಗೆ ಡಬ್ಬಿ ಡಾಕ್ಟರು ಎಂಬ ಹೆಸರೂ ಬಿತ್ತು. ಪಾಪ, ಒಳ್ಳೆಯ ಮನುಷ್ಯ. ಮನಸ್ಸು ಬೇರೆ ಕಡೆ ಹೋದರೆ ಭಯ ಕಡಿಮೆಯಾಗುತ್ತದೆ, ಭಯ ಕಡಿಮೆಯಾದರೆ ನೋವೂ ಅರ್ಧ ಎಂದು ಪ್ರತಿಯೊಬ್ಬರ ಹಾಸಿಗೆಯ ಬಳಿಯೂ ಕೂತು ವಿವರಿಸಿದರು.

ನನ್ನ ಎದುರು ಹಾಸಿಗೆಯಲ್ಲಿ ಆರು ವರ್ಷದ ಒಂದು ಪುಟ್ಟಿ ಇತ್ತು, ಕುದಿಯುವ ನೀರು ಕಾಲ ಮೇಲೆ ಚೆಲ್ಲಿಕೊಂಡದ್ದು. ಡ್ರೆಸಿಂಗ್ ಟ್ರಾಲಿಯ ಚಕ್ರದ ಸದ್ದು ಕೇಳಿದರೆ ಸಾಕು, ಅಜ್ಜಿಯ ಕುತ್ತಿಗೆಗೆ ಜೋತುಬೀಳುತ್ತಿತ್ತು. ಡಬ್ಬಿ ಹಾಕಿದ ದಿನ ಆ ಮಗು ಡ್ರೆಸಿಂಗ್ ಕೋಣೆಯಿಂದ ಹೊರಗೆ ಬಂದು, ನಾನು ಎಂಬತ್ತೊಂದು ಹಕ್ಕಿಗೆ ಬಣ್ಣ ಹಾಕಿದೆ ಎಂದಿತು. ಅಜ್ಜಿ ಗೋಡೆಗೆ ಒರಗಿ ಅಳುತ್ತಾ ಕೂತುಬಿಟ್ಟರು. ಡಬ್ಬಿಯ ಬಗ್ಗೆ ನನಗಿದ್ದ ಅನುಮಾನವೆಲ್ಲ ಅವತ್ತೇ ಹೋಯಿತು.

ಅಕ್ಕನೂ ಬೇಡ ಅನ್ನಲಿಲ್ಲ. ಮೊದಲು ತಾವೇ ಹಾಕಿಕೊಂಡು ನೋಡಿದರು. ಬುಟ್ಟಿಯಲ್ಲಿ ತೇಲುತ್ತಿದ್ದರೂ ಅವರ ಬೆರಳು ಗಾಳಿಯಲ್ಲಿ ಗಾಜ್ ಕತ್ತರಿಸುತ್ತಿತ್ತೆಂದು ನರ್ಸುಗಳು ನಕ್ಕರು. ತೆಗೆದ ಮೇಲೆ, "ಚೆನ್ನಾಗಿದೆ. ಆದ್ರೆ ಇನ್ನು ಈ ಕೋಣೆ ಮೂಕ ಆಗುತ್ತೆ," ಎಂದರು.

"ಇದು ಬಾಯಿಗೆ ಹಾಕೋ ಬೀಗ ಅಲ್ಲಕ್ಕ," ಎಂದರು ಡಬ್ಬಿ ಡಾಕ್ಟರು. "ನೋವಾದ್ರೆ ಹೇಳ್ಬಹುದು. ಹೇಳ್ಲೇಬೇಕು. ನಾನು ಎಲ್ಲರಿಗೂ ಅದನ್ನೇ ಹೇಳಿದ್ದೀನಿ."

ಹೇಳಿದ್ದರು, ನನಗೂ ಹೇಳಿದ್ದರು. ಅದಕ್ಕೇ ಮುಂದಿನದಕ್ಕೆ ನನಗೆ ಯಾವ ನೆಪವೂ ಇಲ್ಲ.

ಡಬ್ಬಿ ನನಗೆ ಬಹಳ ಹಿಡಿಸಿತು. ಎರಡು ಡ್ರೆಸಿಂಗ್ ಆಗುವಷ್ಟರಲ್ಲಿ ನಾನು ಚಕಾರವೆತ್ತದೆ ಮಲಗಿರುವುದನ್ನು ಕಲಿತಿದ್ದೆ. ಇಷ್ಟು ದಿನ ಕಿರುಚುತ್ತಿದ್ದ ಹೆಂಗಸು ಇವಳೇನಾ ಎಂದು ನರ್ಸುಗಳು ಹೊಗಳಿದರು. ಹೊಗಳಿಕೆ ನನಗೆ ಅಷ್ಟಾಗಿ ಸಿಕ್ಕಿದ್ದಲ್ಲ. ಬಟ್ಟೆ ಸರಿಯಾಗಿ ಕೂತರೆ ಗಿರಾಕಿ ಕನ್ನಡಿಯಲ್ಲಿ ತನ್ನನ್ನೇ ಹೊಗಳಿಕೊಳ್ಳುತ್ತಾರೆ, ಕೂರದಿದ್ದರೆ ಮಾತ್ರ ನನ್ನ ಕಡೆ ತಿರುಗುತ್ತಾರೆ. ನಲವತ್ತೆಂಟನೇ ವಯಸ್ಸಿನಲ್ಲಿ, ಏನೂ ಮಾಡದೆ ಸುಮ್ಮನೆ ಮಲಗಿದ್ದಕ್ಕೆ ಭೇಷ್ ಅನ್ನಿಸಿಕೊಂಡರೆ ಯಾರಿಗೆ ತಲೆ ತಿರುಗುವುದಿಲ್ಲ?

ಮೂರನೇ ಸಲ ಡಬ್ಬಿ ಹಾಕಿದ ದಿನ ಆಸ್ಪತ್ರೆಗೆ ನಾಲ್ಕು ಜನ ಬಂದಿದ್ದರು. ಡಬ್ಬಿಯನ್ನು ದಾನ ಕೊಟ್ಟ ಸಂಸ್ಥೆಯವರು. ನೋಡಿ ಮೆಚ್ಚಿದರೆ ಇನ್ನೂ ನಾಲ್ಕು ಕೊಡುವ ಮಾತಿತ್ತು. ಡಬ್ಬಿ ಡಾಕ್ಟರು ಅವರನ್ನು ಡ್ರೆಸಿಂಗ್ ಕೋಣೆಗೆ ಕರೆತಂದರು, ನನ್ನ ಒಪ್ಪಿಗೆ ಕೇಳಿದರು. ನಾನು ರಾಣಿಯ ಹಾಗೆ ತಲೆ ಆಡಿಸಿದೆ. "ಇವರು ನಮ್ಮಲ್ಲಿ ಎಲ್ಲರಿಗಿಂತ ಧೈರ್ಯವಂತರು. ಡಬ್ಬಿ ಹಾಕಿದ್ರೆ ಒಂದು ಸದ್ದೂ ಮಾಡಲ್ಲ," ಎಂದು ಪರಿಚಯಿಸಿದರು. ಬಂದವರು ನನಗೆ ಕೈ ಮುಗಿದರು. ನಾದಿನಿ ಬಾಗಿಲ ಬಳಿ ನಿಂತು ನನ್ನ ಬಿಂಕ ನೋಡಿ ಮೂಗು ಮುರಿದಳು. ಅಕ್ಕ ಯಾರ ಕಡೆಗೂ ನೋಡದೆ ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.

ಡಬ್ಬಿ ಹಾಕಿದರು. ಬುಟ್ಟಿ ಮೇಲೆದ್ದಿತು. ಹೊಳೆ, ಗುಡ್ಡ, ಹಕ್ಕಿ. ಕೈ ಎಲ್ಲೋ ದೂರದಲ್ಲಿ ಒದ್ದೆಯಾಗುತ್ತಿರುವುದು ತಿಳಿಯುತ್ತಿತ್ತು. ಒಂದೊಂದೇ ಪದರ ಬರುತ್ತಿತ್ತು, ಏನೂ ತೊಂದರೆಯಿಲ್ಲ. ಆಮೇಲೆ ಕಿರುಬೆರಳ ಬುಡದಲ್ಲಿ, ಹೊಸ ಚರ್ಮದ ಅಂಚಿನಲ್ಲಿ, ಸೂಜಿ ಉಗುರಿನ ಸಂದಿಗೆ ಹೊಕ್ಕ ಹಾಗೆ ಚುರುಕ್ ಎಂದಿತು. ಬುಟ್ಟಿ, ಹೊಳೆ ಎಲ್ಲ ಕಣ್ಣ ಮುಂದೆಯೇ ಇದ್ದವು, ಆದರೆ ನಾನು ಅಲ್ಲಿರಲಿಲ್ಲ. ಉಸಿರು ತಾನಾಗಿಯೇ ಒಳಗೆ ಎಳೆದುಕೊಳ್ಳಲು ಹೊರಟಿತು. ಬಂದವರು ನೋಡುತ್ತಿದ್ದಾರೆ ಎಂಬುದು ನೆನಪಾಯಿತು. ಬಾಯಿಯೊಳಗೆ ನಾಲಿಗೆ ಕಚ್ಚಿಕೊಂಡೆ, ಹೊದಿಕೆಯ ಕೆಳಗೆ ಕಾಲ್ಬೆರಳು ಮಡಚಿಕೊಂಡೆ, ಹಕ್ಕಿ ಎಣಿಸಿದೆ. ಹದಿನಾರರವರೆಗೆ ಎಣಿಸಿದ್ದು ಚೆನ್ನಾಗಿ ನೆನಪಿದೆ. ಆಮೇಲೆ ಒಂದು ಸಲ ಜೋರಾಗಿ ಉರಿಯಿತು. ಸದ್ದು ಮಾಡಲಿಲ್ಲ.

ಡಬ್ಬಿ ತೆಗೆದರು. ಅಕ್ಕನ ಕೈಯ ಚಿಮ್ಮಟದಲ್ಲಿ ಗಾಜ್ ಬಟ್ಟೆ ಇತ್ತು, ಅದಕ್ಕೆ ಅಂಟಿಕೊಂಡು ಕೋಟಿನ ಗುಂಡಿಯಷ್ಟಗಲದ ಹೊಸ ಚರ್ಮ. ನನ್ನ ಕೈಯ ಮೇಲೆ ಅಷ್ಟೇ ಅಗಲದ ಕೆಂಪು. ಡಬ್ಬಿ ಡಾಕ್ಟರು ಬಂದವರನ್ನು ಮೆಲ್ಲಗೆ ಹೊರಗೆ ಕರೆದುಕೊಂಡು ಹೋದರು. ಆಪರೇಷನ್ ಮಾಡಿದ ಡಾಕ್ಟರು ಬಂದು ನೋಡಿ, ಉಳಿದದ್ದು ಹಿಡಿದಿದೆ, ಇಷ್ಟು ಭಾಗ ತಾನಾಗಿ ಮಾಯಬೇಕು, ಕಿರುಬೆರಳು ಎಷ್ಟು ಬಗ್ಗುತ್ತದೋ ಹೇಳಲಾಗುವುದಿಲ್ಲ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಕತ್ತರಿ ಹಿಡಿಯುವ ಕೈ. ಯಾರಾದರೂ ಇದಕ್ಕೆ ಉತ್ತರ ಹೇಳಲೇಬೇಕು ಅನ್ನಿಸಿತು, ಆ ಯಾರಾದರೂ ನಾನಾಗಿರಬಾರದು ಎಂದೂ ಅನ್ನಿಸಿತು.

ಮಾರನೇ ದಿನ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಮೇಡಂ ತಮ್ಮ ಕೋಣೆಗೆ ಕರೆಸಿದರು. ಗಾಜು ಹಾಸಿದ ಮೇಜು, ಅದರ ಆಚೆ ಮೇಡಂ, ಈಚೆ ನಾನು ಮತ್ತು ನಾದಿನಿ. ಡಬ್ಬಿ ಡಾಕ್ಟರು ಕಿಟಕಿಯ ಬಳಿ. ಅಕ್ಕ ಕೂರಲಿಲ್ಲ.

"ತಪ್ಪು ನನ್ನದು ಮೇಡಂ," ಎಂದರು ಅಕ್ಕ. "ಇನ್ನೂ ಸ್ವಲ್ಪ ನೆನೆಸಬೇಕಿತ್ತು. ಎಳೆದುಬಿಟ್ಟೆ. ಡಬ್ಬಿಯದೇನೂ ತಪ್ಪಿಲ್ಲ."

ಮೇಡಂ ನನ್ನ ಕಡೆ ತಿರುಗಿದರು. "ಎಳೆಯುವಾಗ ನಿಮಗೆ ನೋವಾಯ್ತಾ?"

ಆಯ್ತು ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಮತ್ತೆ ಯಾಕೆ ಕೂಗಲಿಲ್ಲ? ನಾಲ್ಕು ಜನರ ಮುಂದೆ ಧೈರ್ಯವಂತೆ ಅನ್ನಿಸಿಕೊಳ್ಳುವ ಚಪಲಕ್ಕೆ ಎಂದು ನಾದಿನಿಯ ಎದುರಿಗೆ ಹೇಳಬೇಕಿತ್ತು.

"ಇಲ್ಲ ಮೇಡಂ. ಏನೂ ಗೊತ್ತಾಗಲಿಲ್ಲ," ಎಂದೆ.

ಅಕ್ಕ ನನ್ನನ್ನೊಮ್ಮೆ ನೋಡಿದರು. ಅದರಲ್ಲಿ ಆಪಾದನೆ ಇರಲಿಲ್ಲ, ಹೆದರಿಕೆ ಇತ್ತು. ಯಾಕೆ ಹೆದರಿಕೆ ಎಂದು ಆಗ ನನಗೆ ತಿಳಿಯಲಿಲ್ಲ.

ಒಂದು ಸುಳ್ಳು ಎರಡು ಕೆಲಸ ಮಾಡಿತು. ಚರ್ಮ ಕಿತ್ತು ಬಂದರೂ ರೋಗಿಗೆ ತಿಳಿಯದ ಹಾಗೆ ಮಾಡುವ ಸಾಧನ ಅಪಾಯದ್ದು ಎಂದು ಮೇಡಂ ಡಬ್ಬಿಯನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಕ್ಕನನ್ನು ಬಟ್ಟೆ ಉಗ್ರಾಣಕ್ಕೆ ಕಳಿಸಿದರು, ಶಿಕ್ಷೆಯೆಂದಲ್ಲ, ಸದ್ಯಕ್ಕೆ ಎಂದು. ಇಪ್ಪತ್ತಾರು ವರ್ಷದ ಮೇಲೆ ಅಕ್ಕ ಮತ್ತೆ ಬಟ್ಟೆ ಮಡಚುವಲ್ಲಿಗೆ ಹೋದರು.

ಡ್ರೆಸಿಂಗ್‌ಗೆ ಬೇರೆ ವಿಭಾಗದಿಂದ ಒಬ್ಬರು ಬಂದರು. ಕೆಲಸ ಬಲ್ಲವರೇ, ಕೆಟ್ಟವರಲ್ಲ. ಅವರ ಕೈಯಲ್ಲಿ ನಾನು ಹಳೆಯ ಹಾಗೆ ಕೂಗಿದೆ. ಪುಟ್ಟಿ ಮಾತ್ರ ನನ್ನ ನೆಮ್ಮದಿ ಕೆಡಿಸಿತು. ಹಕ್ಕಿ ಕೊಡಿ, ಹಕ್ಕಿ ಕೊಡಿ ಎಂದು ಟ್ರಾಲಿ ಬರುವ ಮೊದಲೇ ಶುರುಮಾಡುತ್ತಿತ್ತು. ಹಕ್ಕಿ ಬರಲಿಲ್ಲ. ಮಗುವಿನ ಅಜ್ಜಿ ನನ್ನ ಹಾಸಿಗೆಯ ಬಳಿ ಬಂದು ಕೇಳಿದರು. "ಆ ಡಬ್ಬಿ ಯಾಕಮ್ಮ ಕೊಡ್ತಿಲ್ಲ? ನೀವು ಡಾಕ್ಟರ ಹತ್ರ ಚೆನ್ನಾಗಿ ಮಾತಾಡ್ತೀರಲ್ಲ, ಒಂದು ಮಾತು ಕೇಳಿ ನೋಡಿ."

ನಾನು ತಲೆನೋವು ಎಂದು ಮಗ್ಗುಲಾದೆ.

ಐದನೇ ದಿನ ಕಾಲಾಡಿಸಲು ಹೋದವಳು ಉಗ್ರಾಣದ ಮುಂದೆ ಹಾದೆ. ಹೋಗಬೇಕೆಂದೇ ಹೋದೆನೋ ಏನೋ. ಅಕ್ಕ ಹೊದಿಕೆ ಮಡಚುತ್ತಿದ್ದರು, ಅಂಚಿಗೆ ಅಂಚು ಕೂಡಿಸಿ, ಒಂದು ಸುಕ್ಕಿಲ್ಲದೆ. ನನ್ನ ಮುಖ ನೋಡಿದರು, ಪಟ್ಟಿ ಕಟ್ಟಿದ ಕೈಯನ್ನು ಮಾತ್ರ ನೋಡಲಿಲ್ಲ.

"ಹೇಗಿದೆ?"

"ಪರವಾಗಿಲ್ಲ. ಅಮ್ಮ ಹೇಗಿದ್ದಾರೆ?"

"ಇದ್ದಾರೆ. ಪಟ್ಟಿಗೆ ಪಕ್ಕದ ಮನೆಯವರನ್ನ ಕರೀತಿದ್ದೀನಿ. ಅಮ್ಮನಿಗೆ ಅವ್ರು ಕಟ್ಟಿದ್ದು ಸರಿಹೋಗಲ್ಲ. ಬೈತಾರೆ."

"ನೀವೇ ಯಾಕೆ ಕಟ್ಟಲ್ಲ?"

ಅಕ್ಕ ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದರು. "ಎಲ್ಲರೂ ಸಮಾಧಾನ ಹೇಳ್ತಾರೆ. ಅವರಿಗೇ ನೋವಾಗಿಲ್ಲ, ನಿನಗೆ ಹೇಗೆ ಗೊತ್ತಾಗ್ಬೇಕಿತ್ತು ಅಂತ. ನನಗೆ ಭಯ ಇರೋದೇ ಅಲ್ಲಿ. ನನ್ನ ಕೈ ಏನೋ ಹೇಳುತ್ತೆ, ಅದು ನಿಜ ಅಂತ ನಂಬಿಕೊಂಡು ಇಷ್ಟು ವರ್ಷ ಬಂದೆ. ಈಗ ಅದು ಹೇಳೋದಕ್ಕೂ ಮಲಗಿದವರಿಗೆ ಆಗೋದಕ್ಕೂ ಸಂಬಂಧ ಇಲ್ಲ ಅಂದ್ರೆ, ಇಂಥ ಕೈಯನ್ನ ಯಾರ ಗಾಯದ ಮೇಲೆ ಇಡ್ಲಿ? ಉಗ್ರಾಣದಲ್ಲೇ ಇರ್ತೀನಿ ಅಂತ ಬರೆದುಕೊಟ್ಟಿದ್ದೀನಿ. ಸೋಮವಾರ ಮೇಡಂ ಸಹಿ ಹಾಕ್ತಾರೆ."

ಅವರ ಕಣ್ಣಲ್ಲಿ ಕಂಡ ಹೆದರಿಕೆ ಯಾವುದೆಂದು ಆಗ ಗೊತ್ತಾಯಿತು. ನಾನು ಆಡಿದ ಒಂದು ಮಾತನ್ನು ಹಿಡಿದುಕೊಂಡು ಈ ಹೆಂಗಸು ತನ್ನ ಕೈಯನ್ನೇ ನಂಬದೆ ಕೂತಿದ್ದಾರೆ. ಅವತ್ತು ಶುಕ್ರವಾರ. ವಾರ್ಡಿಗೆ ಹಿಂದಕ್ಕೆ ಬಂದೆ. ಹೇಳಲು ಬಾಯಿ ತೆರೆದಿದ್ದೆ, ನಾಚಿಕೆ ಅಡ್ಡ ಬಂತು.

ಶನಿವಾರವೆಲ್ಲ ಊಟ ಸೇರಲಿಲ್ಲ. ಭಾನುವಾರ ನಾದಿನಿ ತಲೆ ಬಾಚಲು ಕೂತಾಗ ಹೇಳಿಬಿಟ್ಟೆ. ಬೆನ್ನು ತಿರುಗಿಸಿ ಕೂತಿದ್ದರಿಂದ ಹೇಳುವುದು ಸುಲಭವಾಯಿತು. ಅವಳ ಬಾಚಣಿಗೆ ನಿಂತಿತು. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ.

"ಅಳತೆ ತಪ್ಪಿ ಹೊಲಿದ ಬಟ್ಟೆನ ಯಾರು ಬಿಚ್ತಾರೆ ನಮ್ಮ ಅಂಗಡಿಯಲ್ಲಿ?"

"ಹೊಲಿದವರು."

"ಮತ್ತೆ? ಇದನ್ನ ನಾನು ಬಿಚ್ಲಾ ಅತ್ತಿಗೆ?"

ಸೋಮವಾರ ಮೇಡಂ ಬರುವುದಕ್ಕೆ ಮೊದಲೇ ನಾವಿಬ್ಬರೂ ಅವರ ಬಾಗಿಲಲ್ಲಿ ನಿಂತಿದ್ದೆವು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನಾಲಿಗೆ ಕಚ್ಚಿಕೊಂಡದ್ದು, ಹಕ್ಕಿ ಎಣಿಸಿದ್ದು, ಹೊಗಳಿಕೆಗೆ ಉಬ್ಬಿದ್ದು, ಆಮೇಲೆ ಸುಳ್ಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು.

"ಕೂಗದೇ ಇದ್ದದ್ದಕ್ಕೆ ಕ್ರಮ ತಗೊಳ್ಳೋ ನಿಯಮ ನನ್ನ ಹತ್ರ ಇಲ್ಲ," ಎಂದರು. "ಬರೆದುಕೊಡಿ."

ಬಲಗೈ ಪಟ್ಟಿಯಲ್ಲಿತ್ತು. ನಾದಿನಿ ಬರೆದಳು, ನನ್ನ ಚಪಲ ಎಂಬ ಮಾತನ್ನು ನಾನು ಹೇಳದಿದ್ದರೂ ಎರಡು ಕಡೆ ಸೇರಿಸಿದಳು. ನಾನು ಎಡಗೈಯಿಂದ ಸಹಿ ಹಾಕಿದೆ. ಸಹಿ ಕೋಳಿ ಕೆದರಿದ ಹಾಗಿತ್ತು. ಮೇಡಂ ಡಬ್ಬಿ ಡಾಕ್ಟರನ್ನು ಕರೆಸಿ ಬೀರುವಿನ ಬೀಗದ ಕೈ ಕೊಟ್ಟರು. ಇನ್ನು ಮುಂದೆ ಡಬ್ಬಿ ಹಾಕಿದವರನ್ನು ನಡುನಡುವೆ ಮಾತಾಡಿಸುತ್ತಲೇ ಇರಬೇಕು, ಉತ್ತರ ಬರದಿದ್ದರೆ ಕೈ ನಿಲ್ಲಬೇಕು, ನೋಡಲು ಬರುವವರು ಯಾರೂ ಆ ಕೋಣೆಯ ಹೊಸ್ತಿಲು ದಾಟಬಾರದು ಎಂದರು. ಅಕ್ಕನ ಅರ್ಜಿ ಮೇಜಿನ ಮೇಲೇ ಇತ್ತು.

"ಇದು ಅವರು ತಾವಾಗಿ ಕೊಟ್ಟದ್ದು. ನಾನು ಹರಿದು ಹಾಕೋಕೆ ಬರಲ್ಲ. ಅವರೇ ವಾಪಸ್ ತಗೋಬೇಕು. ನೀವೇ ಹೋಗಿ ಮಾತಾಡಿ."

ಪುಟ್ಟಿಯ ಕಿರುಚಾಟ ಕೇಳುತ್ತಿದ್ದ ಕಾರಿಡಾರಿನಲ್ಲೇ ನಡೆದು ಉಗ್ರಾಣಕ್ಕೆ ಹೋದೆ. ನಾದಿನಿಯನ್ನು ಹೊರಗೇ ನಿಲ್ಲಿಸಿದೆ. ಅಕ್ಕ ದಿಂಬಿನ ಕವರುಗಳನ್ನು ಜೋಡಿಸುತ್ತಿದ್ದರು.

"ಅಕ್ಕ, ಅವತ್ತು ನನಗೆ ನೋವಾಗಿತ್ತು," ಎಂದೆ. "ಕೂಗಲಿಲ್ಲ ಅಷ್ಟೇ. ಬಂದವರ ಮುಂದೆ ಜಂಬ. ಆಮೇಲೆ ಮೇಡಂ ಕೇಳಿದಾಗ ಸುಳ್ಳು ಹೇಳಿದೆ."

ಅಕ್ಕನ ಕೈ ಕವರುಗಳ ಮೇಲೆ ಹಾಗೇ ನಿಂತುಬಿಟ್ಟಿತು. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಮೆಲ್ಲಗೆ ಕೇಳಿದರು.

"ಎಲ್ಲಿ ನೋವಾಯ್ತು?"

"ಕೈಯಲ್ಲಿ."

"ಕೈಯಲ್ಲಿ ಎಲ್ಲಿ? ಮಣಿಕಟ್ಟಿನ ಕಡೆನಾ?"

"ಅಲ್ಲ. ಕಿರುಬೆರಳ ಬುಡದಲ್ಲಿ. ಅಂಚಲ್ಲಿ."

ಅಕ್ಕ ನನ್ನ ಹತ್ತಿರ ಬಂದರು. ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಪಟ್ಟಿ ಕಟ್ಟಿದ ಕೈಯನ್ನು ನೋಡಿದರು. "ಕಿತ್ತು ಬಂದಾಗಲಾ, ಅದಕ್ಕಿಂತ ಮೊದಲೇನಾ?"

"ಮೊದಲು. ಹದಿನಾರು ಎಣಿಸೋಷ್ಟು ಹೊತ್ತು ಮೊದಲು."

ಅವರು ಅಲ್ಲೇ ಇದ್ದ ಬಟ್ಟೆಯ ಮೂಟೆಯ ಮೇಲೆ ಕೂತರು. ಎತ್ತರದ ಆ ಹೆಂಗಸು ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಅಲ್ಲಿ ನಾನು ನಿಂತಿದ್ದೆ," ಎಂದರು. "ಅಲ್ಲಿ ಅಂಟಿದೆ ಅಂತ ಬೆರಳಿಗೆ ಅನ್ನಿಸ್ತು. ಕೈ ತಾನಾಗೇ ನಿಂತುಹೋಯ್ತು. ನಿಮ್ಮ ಉಸಿರಿಗೆ ಕಾದೆ. ಒಂದು ಸ್ ಬರುತ್ತೇನೋ ಅಂತ ಕಾದೆ, ಕಾದೆ. ಬರ್ಲಿಲ್ಲ. ನನ್ನ ಕೈಯದೇ ಭ್ರಮೆ ಅಂತ ಎಳೆದುಬಿಟ್ಟೆ."

ಆ ಹದಿನಾರು ಹಕ್ಕಿಗಳನ್ನು ನಾನು ಎಣಿಸುತ್ತಿದ್ದಷ್ಟು ಹೊತ್ತೂ ಅವರು ಕೈ ತಡೆದು ಕಾಯುತ್ತಿದ್ದರು. ಕ್ಷಮಿಸಿ ಎಂದೆನೋ ಇಲ್ಲವೋ ನೆನಪಿಲ್ಲ, ಅಂದಿದ್ದರೂ ಅವರು ಕೇಳಿಸಿಕೊಂಡಂತಿರಲಿಲ್ಲ. ಎರಡೂ ಅಂಗೈಯನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು, ಅವು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಹಾಗಾದ್ರೆ ನನ್ನ ಕೈಗೆ ಗೊತ್ತಿತ್ತು," ಎಂದರು. ನನಗೆ ಹೇಳಿದ್ದಲ್ಲ ಅದು.

ಆಮೇಲೆ ಎದ್ದರು. ದಿಂಬಿನ ಕವರುಗಳನ್ನು ಹಾಗೇ ಬಿಟ್ಟು, ನನ್ನನ್ನೂ ಅಲ್ಲೇ ಬಿಟ್ಟು, ಪುಟ್ಟಿ ಅಳುತ್ತಿದ್ದ ಕಡೆಗೆ ಬಿರಬಿರನೆ ನಡೆದುಹೋದರು.